ತಂಡ ಎಂದರೆ ಎಷ್ಟು ಮಂದಿ?

2022ರ ನವೆಂಬರ್ 2. ಅಡಿಲೇಡ್‌ನಲ್ಲಿ ಟಿ20 ವಿಶ್ವಕಪ್ ಪಂದ್ಯ. ಭಾರತದ 184 ರನ್ನುಗಳ ಬೆನ್ನು ಹತ್ತಿದ್ದ ಬಾಂಗ್ಲಾದೇಶ ಏಳು ಓವರಿಗೆ ಒಂದೂ ವಿಕೆಟ್ ಕಳೆದುಕೊಳ್ಳದೆ 66 ಬಾರಿಸಿದ್ದಾಗ ಮಳೆ ಬಂತು. ಮಳೆ ನಿಂತು ಆಟ ಮತ್ತೆ ಶುರುವಾದಾಗ ಗುರಿ 16 ಓವರಿಗೆ 151 ಆಗಿತ್ತು. ಹುಲ್ಲು ಮಾತ್ರ ಇನ್ನೂ ಆರಿರಲಿಲ್ಲ. ಆಗ ಬೌಂಡರಿ ಗೆರೆಯ ಆಚೆ ಒಬ್ಬರು ಕೈಯಲ್ಲಿ ಬ್ರಷ್ ಹಿಡಿದು ಮೈದಾನದ ಸುತ್ತ ಓಡಾಡುತ್ತಿದ್ದರು. ಫೀಲ್ಡರುಗಳ ಬೂಟಿನ ಮುಳ್ಳುಗಳಿಗೆ ಮೆತ್ತಿದ ಮಣ್ಣು, ಹುಲ್ಲನ್ನು ಉಜ್ಜಿ ತೆಗೆಯುವುದು ಅವರು ತಾವಾಗಿ ಹಚ್ಚಿಕೊಂಡಿದ್ದ ಕೆಲಸ. ಅತ್ತ 27 ಎಸೆತಗಳಲ್ಲಿ 60 ಹೊಡೆದಿದ್ದ ಲಿಟನ್ ದಾಸ್, ಕೆ.ಎಲ್. ರಾಹುಲ್ ದೂರದಿಂದ ನೇರವಾಗಿ ವಿಕೆಟ್ಟಿಗೇ ಎಸೆದ ಚೆಂಡಿಗೆ ರನೌಟ್ ಆದರು. ಭಾರತ ಐದು ರನ್ನಿನಿಂದ ಗೆದ್ದಿತು.

ಸ್ಕೋರ್ ಕಾರ್ಡಿನಲ್ಲಿ ರಾಹುಲ್ ಹೆಸರಿದೆ. ಬ್ರಷ್ ಹಿಡಿದವರ ಹೆಸರಿಗೆ ಅಲ್ಲಿ ಕಾಲಂ ಇಲ್ಲ. ಅವರು ಉತ್ತರ ಕನ್ನಡದ ಕುಮಟಾದ ರಾಘವೇಂದ್ರ, ತಂಡದವರ ಬಾಯಲ್ಲಿ ರಘು. ಸೈಡ್‌ಆರ್ಮ್ ಎಂಬ ಉದ್ದನೆಯ ಸೌಟಿನಂಥ ಸಾಧನದಿಂದ ನೆಟ್ಸ್‌ನಲ್ಲಿ ಬ್ಯಾಟರುಗಳಿಗೆ ಚೆಂಡು ಎಸೆಯುವುದು ಅವರ ಉದ್ಯೋಗ. 2013ರಿಂದೀಚೆ ಭಾರತದ ಬ್ಯಾಟರುಗಳು ವೇಗದ ಬೌಲಿಂಗನ್ನು ಚೆನ್ನಾಗಿ ಆಡುವಂತಾಗಿದ್ದರೆ ಅದಕ್ಕೆ ಗಂಟೆಗೆ 150 ಕಿಲೋಮೀಟರ್ ಮೀರಿ ಎಸೆಯುವ ಈ ಮನುಷ್ಯ ಕಾರಣ ಎಂದು ವಿರಾಟ್ ಕೊಹ್ಲಿಯೇ ಹೇಳಿದ್ದುಂಟು. ಕುಮಟಾ ಯಕ್ಷಗಾನದ ಸೀಮೆ. ಚೌಕಿಮನೆಯಲ್ಲಿ ಯಾರೋ ಕಿರೀಟ ಬಿಗಿದು ಕಟ್ಟದಿದ್ದರೆ ರಂಗಸ್ಥಳದಲ್ಲಿ ಯಾವ ಕರ್ಣನೂ ಕುಣಿಯಲಾರ ಎಂಬುದನ್ನು ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂದು ಭಾರತದ ಕೋಚ್ ಆಗಿದ್ದವರು ರಾಹುಲ್ ದ್ರಾವಿಡ್. ತಂಡ ಎಂದರೆ ಎಷ್ಟು ಮಂದಿ ಎಂಬ ಪ್ರಶ್ನೆ ಅವರನ್ನು ಬಹಳ ವರ್ಷಗಳಿಂದ ಕಾಡಿದಂತಿದೆ. ಅದೇ ಪ್ರಶ್ನೆಯನ್ನು ಸ್ಪ್ಯಾನರು, ಅಳತೆಪಟ್ಟಿ ಹಿಡಿದು ನಾಲ್ಕು ದಶಕ ಬಿಡಿಸುತ್ತ ಬಂದವರು ಫಾರ್ಮುಲಾ ಒನ್ ಕಾರು ರೇಸಿನ ಇಂಗ್ಲೆಂಡಿನ ಎಂಜಿನಿಯರ್ ರಾಸ್ ಬ್ರಾನ್. ಇಬ್ಬರ ಆಟವೂ ಬೇರೆ, ಲೋಕವೂ ಬೇರೆ. ಆದರೂ ಒಬ್ಬರ ಕತೆ ಓದುವಾಗ ಇನ್ನೊಬ್ಬರು ನೆನಪಾಗುತ್ತಾರೆ.

ಫಾರ್ಮುಲಾ ಒನ್‌ನಲ್ಲಿ ಆ ಪ್ರಶ್ನೆಗೆ ಕಣ್ಣಿಗೆ ಕಾಣುವ ಒಂದು ಉತ್ತರವಿದೆ: ಪಿಟ್ ಸ್ಟಾಪ್. ಕಾರು ಬಂದು ನಿಲ್ಲುತ್ತದೆ. ಒಂದೊಂದು ಚಕ್ರಕ್ಕೆ ಮೂವರು: ಗನ್ ಹಿಡಿದು ನಟ್ ಬಿಚ್ಚುವವ, ಹಳೆಯ ಚಕ್ರ ಎಳೆಯುವವ, ಹೊಸದನ್ನು ಕೂರಿಸುವವ. ಮುಂದೊಂದು ಜಾಕು, ಹಿಂದೊಂದು ಜಾಕು, ಕಾರು ಅಲುಗದಂತೆ ಇಬ್ಬದಿ ಹಿಡಿಯುವವರು. ಒಟ್ಟು ಇಪ್ಪತ್ತರ ಹತ್ತಿರ ಜನ. 2023ರಲ್ಲಿ ಕತಾರ್‌ನಲ್ಲಿ ಮೆಕ್ಲಾರೆನ್ ತಂಡ ನಾಲ್ಕೂ ಚಕ್ರ ಬದಲಿಸಿದ್ದು 1.80 ಸೆಕೆಂಡಿನಲ್ಲಿ. ಈ ವಾಕ್ಯ ಓದಲು ಹಿಡಿದ ಹೊತ್ತೇ ಅದಕ್ಕಿಂತ ಹೆಚ್ಚು. ಇಷ್ಟೆಲ್ಲ ನಡೆದ ಮೇಲೂ ಗೆದ್ದವನೆಂದು ಹೆಸರಾಗುವವನು ಚಾಲಕ ಒಬ್ಬನೇ.

ಬ್ರಾನ್ ಹುಟ್ಟಿದ್ದು 1954ರಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಆಷ್ಟನ್-ಅಂಡರ್-ಲೈನ್‌ನಲ್ಲಿ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿ ರೇಸಿಂಗಿಗೆ ಬಂದವರಲ್ಲ. 1971ರಲ್ಲಿ ಹಾರ್ವೆಲ್‌ನ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ ಅಪ್ರೆಂಟಿಸ್ ಆಗಿ ಸೇರಿದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಎಚ್‌ಎಂಟಿಗೋ ಎಚ್‌ಎಎಲ್‌ಗೋ ಅಪ್ರೆಂಟಿಸ್ ಸೇರಿದ ಹುಡುಗನ ಹಾಗೆ. 1976ರಲ್ಲಿ ಮಾರ್ಚ್ ಎಂಜಿನಿಯರಿಂಗ್ ಎಂಬ ರೇಸ್ ಕಾರು ಕಂಪನಿಯಲ್ಲಿ ಮಿಲ್ಲಿಂಗ್ ಮೆಷಿನ್ ಆಪರೇಟರ್. ಕೆಲವೇ ದಿನಗಳಲ್ಲಿ ಅದರ ಫಾರ್ಮುಲಾ ತ್ರೀ ತಂಡದ ಮೆಕ್ಯಾನಿಕ್. 1978ರಲ್ಲಿ ಆಗಷ್ಟೇ ಕಣ್ಣು ಬಿಡುತ್ತಿದ್ದ ವಿಲಿಯಮ್ಸ್ ತಂಡಕ್ಕೆ ಮೆಷಿನಿಸ್ಟ್ ಆಗಿ ಹೋದವರು ಅಲ್ಲಿಂದ ಮೆಲ್ಲಗೆ ಸಂಶೋಧನಾ ವಿಭಾಗಕ್ಕೆ, ಕೊನೆಗೆ ಗಾಳಿಸುರಂಗದಲ್ಲಿ ಏರೊಡೈನಮಿಕ್ಸ್ ಕೆಲಸಕ್ಕೆ ಏರಿದರು.

ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದ್ದು ಮುಂದೆ ಅವರ ದೊಡ್ಡ ಬಂಡವಾಳವಾಯಿತು ಎನಿಸುತ್ತದೆ. ನಕ್ಷೆ ಬರೆಯುವವನಿಗೆ ಸುಲಭವಾಗಿ ಕಂಡದ್ದು ಲೋಹ ಕಡೆಯುವವನ ಕೈಗೆ ಬಂದಾಗ ಎಷ್ಟು ಕಷ್ಟ, ಅವನು ಕಡೆದು ಕೊಟ್ಟದ್ದು ರಾತ್ರಿ ಎರಡು ಗಂಟೆಗೆ ಕಾರಿಗೆ ಜೋಡಿಸುವ ಮೆಕ್ಯಾನಿಕ್ಕಿಗೆ ಹೇಗೆ ಕೈಕೊಡುತ್ತದೆ ಎಂಬುದು ಕಚೇರಿಯಲ್ಲಿ ಕೂತರೆ ತಿಳಿಯುವುದಿಲ್ಲ. ಪೀಣ್ಯದ ಯಾವುದೇ ಶೆಡ್ಡಿನ ಹಳೆಯ ಫೋರ್‌ಮನ್ ಈ ಮಾತಿಗೆ ತಲೆಯಾಡಿಸುತ್ತಾನೆ.

ಮುಂದೆ ಹಾಸ್ ಲೋಲಾ, ಆರೋಸ್ ತಂಡಗಳು. ನಂತರ ಜಾಗ್ವಾರ್‌ಗೆ ಮಾಡಿದ ಎಕ್ಸ್‌ಜೆಆರ್-14 ಸ್ಪೋರ್ಟ್ಸ್ ಕಾರು 1991ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿತು. ಅದೇ ವರ್ಷ ಬೆನೆಟನ್ ತಂಡದ ತಾಂತ್ರಿಕ ನಿರ್ದೇಶಕರಾದರು. ಅಲ್ಲಿಗೆ ಬಂದ ಮೈಕೆಲ್ ಶುಮಾಕರ್ ಎಂಬ ಜರ್ಮನ್ ಹುಡುಗ 1994 ಮತ್ತು 1995ರಲ್ಲಿ ಚಾಂಪಿಯನ್ ಆದ. 1994ರ ಗೆಲುವಿಗೆ ಕೊಳೆ ಅಂಟಿದೆ ಎಂಬುದನ್ನೂ ಹೇಳಬೇಕು. ಆ ವರ್ಷ ಹಾಕೆನ್‌ಹೈಮ್‌ನಲ್ಲಿ ಪೆಟ್ರೋಲು ತುಂಬಿಸುವಾಗ ತಂಡದ ಇನ್ನೊಂದು ಕಾರಿಗೆ ಬೆಂಕಿ ಹತ್ತಿಕೊಂಡಿತು. ಇಂಧನದ ಕೊಳವೆಯ ಫಿಲ್ಟರನ್ನು ತಂಡ ತೆಗೆದುಹಾಕಿತ್ತು ಎಂಬ ಸಂಗತಿ ಹೊರಬಿದ್ದು ದೊಡ್ಡ ರಾದ್ಧಾಂತವಾಯಿತು.

ಶುಮಾಕರ್ 1996ರಲ್ಲಿ ಫೆರಾರಿ ಸೇರಿದಾಗ ಆ ತಂಡ ಚಾಲಕರ ಪ್ರಶಸ್ತಿ ಗೆದ್ದು ಹದಿನೇಳು ವರ್ಷಗಳಾಗಿದ್ದವು. ಹಣಕ್ಕೇನೂ ಬರವಿರಲಿಲ್ಲ. ಆದರೆ ಎಂಜಿನ್ ತಯಾರಾಗುತ್ತಿದ್ದುದು ಇಟಲಿಯ ಮರನೆಲ್ಲೊದಲ್ಲಿ, ಕಾರಿನ ವಿನ್ಯಾಸ ನಡೆಯುತ್ತಿದ್ದುದು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ, ಜಾನ್ ಬರ್ನಾರ್ಡ್ ಅವರ ಕಚೇರಿಯಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ. ಕಾರು ಸೋತಾಗ ಎಂಜಿನ್‌ನವರು ಚಾಸಿ ಕಡೆ, ಚಾಸಿಯವರು ಎಂಜಿನ್ ಕಡೆ ಬೆರಳು ತೋರಿಸಲು ಮಧ್ಯೆ ಒಂದಿಡೀ ಸಮುದ್ರವೇ ಇತ್ತು.

ತಂಡದ ಮುಖ್ಯಸ್ಥ ಜೀನ್ ಟಾಡ್ 1996ರ ಕೊನೆಗೆ ಬ್ರಾನ್ ಅವರನ್ನು ಕರೆತಂದರು. ಬೆನೆಟನ್‌ನಲ್ಲಿ ಬ್ರಾನ್ ಜೊತೆಗಿದ್ದ ವಿನ್ಯಾಸಕ ರೋರಿ ಬೈರ್ನ್ ಆ ಹೊತ್ತಿಗೆ ರೇಸಿಂಗಿಗೆ ಕೈಮುಗಿದು, ಥಾಯ್ಲೆಂಡಿನಲ್ಲಿ ಸ್ಕೂಬಾ ಡೈವಿಂಗ್ ಶಾಲೆ ತೆರೆಯುವ ಲೆಕ್ಕಾಚಾರದಲ್ಲಿದ್ದರು. ಅವರನ್ನೂ ಸಮುದ್ರದಿಂದ ಎಳೆತಂದರು. ವಿನ್ಯಾಸ, ಎಂಜಿನ್, ಗೇರ್‌ಬಾಕ್ಸ್ ಎಲ್ಲವೂ ಮರನೆಲ್ಲೊದ ಒಂದೇ ಆವರಣಕ್ಕೆ ಬಂದವು. ಎಂಜಿನ್ ಎಷ್ಟು ಎತ್ತರವಿರಬೇಕು ಎಂಬುದನ್ನು ಎಂಜಿನ್‌ನವರು ಒಬ್ಬರೇ ತೀರ್ಮಾನಿಸುವಂತಿರಲಿಲ್ಲ, ಅದರ ಮೇಲಿನ ಗಾಳಿಯ ಹರಿವನ್ನು ನೋಡುವವರೂ ಮೇಜಿನ ಎದುರು ಇರಬೇಕಿತ್ತು. ಬ್ರಾನ್ ಸ್ವತಃ ಗೀಚಿದ ಗೆರೆಗಳು ಆ ಕಾರುಗಳಲ್ಲಿ ಕಡಿಮೆ. ಬೇರೆಯವರು ಗೀಚಿದ ಗೆರೆಗಳು ಎಲ್ಲಿ ಒಂದನ್ನೊಂದು ಮುಟ್ಟುತ್ತವೋ ಆ ಜಾಗದಲ್ಲಿ ಅವರಿರುತ್ತಿದ್ದರು.

ಫಲಿತಾಂಶ ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಬಂದದ್ದು ಕೆಲವು ಚಮಕುಗಳು. ಅವುಗಳಲ್ಲಿ 1998ರ ಹಂಗರಿ ರೇಸನ್ನು ಅಭಿಮಾನಿಗಳು ಇಂದಿಗೂ ಕತೆಯಂತೆ ಹೇಳುತ್ತಾರೆ. ಹಂಗರೊರಿಂಗ್ ಇಕ್ಕಟ್ಟಾದ ಟ್ರ್ಯಾಕು, ಮುಂದಿನ ಕಾರನ್ನು ಹಿಂದಿಕ್ಕುವುದು ಬಲು ಕಷ್ಟ. ಮೊದಲೆರಡು ಸ್ಥಾನದಲ್ಲಿ ಮೆಕ್ಲಾರೆನ್ ಕಾರುಗಳು, ಮೂರನೆಯದು ಶುಮಾಕರ್. ಆಗ ರೇಸಿನ ನಡುವೆ ಇಂಧನ ತುಂಬಿಸಬಹುದಿತ್ತು. ಎರಡು ಸಲ ನಿಲ್ಲುವುದು ಎಲ್ಲರ ಲೆಕ್ಕ. ಬ್ರಾನ್ ರೇಸಿನ ಮಧ್ಯದಲ್ಲಿ ಮೂರು ಸಲಕ್ಕೆ ಬದಲಿಸಿದರು. ಇನ್ನೊಂದು ಸಲ ನಿಂತರೆ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡು ನಷ್ಟ, ನಿಜ. ಆದರೆ ಟ್ಯಾಂಕಿನಲ್ಲಿ ಇಂಧನ ಕಡಿಮೆಯಿದ್ದರೆ ಕಾರು ಹಗುರ, ಟೈರೂ ಹೊಸದು. ರೇಡಿಯೊದಲ್ಲಿ ಶುಮಾಕರ್‌ಗೆ ಹೋದ ಸಂದೇಶ ಇಷ್ಟು: 19 ಸುತ್ತುಗಳಲ್ಲಿ 25 ಸೆಕೆಂಡು ಗಳಿಸಬೇಕು.

ಅಂದರೆ ಪ್ರತಿ ಸುತ್ತಿನಲ್ಲೂ ಎದುರಾಳಿಗಿಂತ ಒಂದೂಕಾಲು ಸೆಕೆಂಡಿಗೂ ಹೆಚ್ಚು ವೇಗವಾಗಿ ಓಡಬೇಕು. ಸೆಕೆಂಡಿನ ಸಾವಿರದ ಭಾಗಕ್ಕೆ ಬಡಿದಾಡುವ ಆಟದಲ್ಲಿ ಇದು ಹುಚ್ಚಿನ ಮಾತು. ಶುಮಾಕರ್ ಒಮ್ಮೆ ಟ್ರ್ಯಾಕ್ ಬಿಟ್ಟು ಹುಲ್ಲಿಗಿಳಿದೂ ಅದನ್ನು ಸಾಧಿಸಿ ಗೆದ್ದ. ಮುಂದಿದ್ದ ಮೆಕ್ಲಾರೆನ್ ಚಾಲಕ ಮಿಕಾ ಹ್ಯಾಕಿನೆನ್ ಕಾರು ನಡುವೆ ಕೈಕೊಟ್ಟು ಆರನೆಯ ಸ್ಥಾನಕ್ಕೆ ಕುಸಿದದ್ದೂ ನೆರವಿಗೆ ಬಂತು. ಈ ಭಾಗ ಕತೆ ಹೇಳುವವರ ಬಾಯಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಪಿಟ್ ಗೋಡೆಯ ಮೇಲೆ ಕೂತವರು ಹುಚ್ಚು ಲೆಕ್ಕ ಹಾಕಿದರೆ ಸಾಲದು. ಅದನ್ನು ಕೇಳಿ ಚಾಲಕ ನಂಬಬೇಕು, ಅವನು ಬಂದಾಗ ಟೈರು, ಇಂಧನ ಹಿಡಿದವರು ತಡವರಿಸಬಾರದು.

ತಡವರಿಸಿದ ದಿನವೂ ಬಂತು. 1999ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಶುಮಾಕರ್ ಕಾಲು ಮುರಿದುಕೊಂಡಾಗ ಪ್ರಶಸ್ತಿಯ ಆಸೆ ತಂಡದ ಇನ್ನೊಬ್ಬ ಚಾಲಕ ಎಡ್ಡಿ ಅರ್ವೈನ್ ಹೆಗಲೇರಿತು. ನೂರ್‌ಬರ್ಗ್‌ರಿಂಗ್ ರೇಸಿನಲ್ಲಿ ಅರ್ವೈನ್ ಪಿಟ್ಟಿಗೆ ಬಂದರೆ ಮೂರೇ ಚಕ್ರ ಸಿದ್ಧ. ಹಿಂದಿನ ಬಲಚಕ್ರವೇ ನಾಪತ್ತೆ. ಲೋಕವೆಲ್ಲ ನೋಡುತ್ತಿರುವಾಗ ಫೆರಾರಿಯವರು ಮದುವೆ ಮನೆಯಲ್ಲಿ ತಾಳಿ ಹುಡುಕಿದಂತೆ ಚಕ್ರ ಹುಡುಕಿದರು. ಅರ್ವೈನ್ ಏಳನೆಯವನಾಗಿ ಮುಗಿಸಿದ, ಅಂಕ ಶೂನ್ಯ. ವರ್ಷದ ಕೊನೆಗೆ ಪ್ರಶಸ್ತಿ ಕೈತಪ್ಪಿದ್ದು ಎರಡು ಅಂಕಗಳಿಂದ: ಹ್ಯಾಕಿನೆನ್ 76, ಅರ್ವೈನ್ 74.

ಅದೇ ವರ್ಷದ ಮಲೇಷ್ಯಾ ರೇಸ್ ಇನ್ನೂ ಸ್ವಾರಸ್ಯದ್ದು. ಫೆರಾರಿ ಮೊದಲೆರಡು ಸ್ಥಾನ ಗೆದ್ದಿತು. ಗಂಟೆಗಳೊಳಗೆ ಕಾರಿನ ಬದಿಯ ಗಾಳಿತಡೆ ಹಲಗೆಯ ಅಳತೆ 10 ಮಿಲಿಮೀಟರ್ ತಪ್ಪಿದೆ ಎಂದು ಎರಡೂ ಕಾರುಗಳನ್ನು ಅನರ್ಹಗೊಳಿಸಲಾಯಿತು. ಬ್ರಾನ್ ಆ ಹಲಗೆಯನ್ನೇ ಕೈಯಲ್ಲಿ ಹಿಡಿದು ಪತ್ರಕರ್ತರ ಮುಂದೆ ಬಂದರು. ಎಲ್ಲಿ ಅಳತೆ ತಪ್ಪಿದೆ ಎಂದು ತೋರಿಸಿದರು. ಯಾವ ಕೆಲಸಗಾರನನ್ನೂ ಮುಂದೆ ತಳ್ಳಲಿಲ್ಲ. ವಾರದೊಳಗೆ ಪ್ಯಾರಿಸ್‌ನ ಮೇಲ್ಮನವಿ ವಿಚಾರಣೆಯಲ್ಲಿ ಅಳೆಯುವ ವಿಧಾನವನ್ನೇ ಪ್ರಶ್ನಿಸಿ, ವ್ಯತ್ಯಾಸ ನಿಯಮ ಒಪ್ಪುವ ಮಿತಿಯೊಳಗೇ ಇದೆ ಎಂದು ಫೆರಾರಿ ಗೆದ್ದುಕೊಂಡಿತು. ಒಪ್ಪಿಕೊಳ್ಳುವುದರಲ್ಲಿ ಸಜ್ಜನಿಕೆ, ವಾದಿಸುವುದರಲ್ಲಿ ವಕೀಲಿಕೆ. ಎರಡೂ ಒಬ್ಬರಲ್ಲೇ ಇದ್ದವು. ಆ ವರ್ಷ ತಂಡದ ಪ್ರಶಸ್ತಿ ಬಂತು. ಮರುವರ್ಷ, 2000ದಲ್ಲಿ, 21 ವರ್ಷಗಳ ಬಳಿಕ ಚಾಲಕರ ಪ್ರಶಸ್ತಿಯೂ ಬಂತು. 2004ರವರೆಗೆ ಬೇರೆಯವರ ಕೈಗೆ ಎರಡೂ ಸಿಗಲಿಲ್ಲ.

ಆ ದಿನಗಳ ಫೆರಾರಿ ಪಿಟ್ಟಿನ ಚುರುಕು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದಕ್ಕೆ ಒಂದು ಆಸ್ಪತ್ರೆಯ ಕತೆ ಇದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸಕ ಮಾರ್ಟಿನ್ ಎಲಿಯಟ್ ಮತ್ತು ತೀವ್ರ ನಿಗಾ ಘಟಕದ ಅಲನ್ ಗೋಲ್ಡ್‌ಮನ್ ಒಂದು ದಿನ ದೀರ್ಘ ಆಪರೇಷನ್ ಮುಗಿಸಿ ದಣಿದು ಟಿ.ವಿ. ಮುಂದೆ ಕೂತಿದ್ದರು. ಪರದೆಯ ಮೇಲೆ ಫಾರ್ಮುಲಾ ಒನ್ ಪಿಟ್ ಸ್ಟಾಪ್. ಆಪರೇಷನ್ ಥಿಯೇಟರಿನಿಂದ ಐಸಿಯುಗೆ ಮಗುವನ್ನು ಸಾಗಿಸುವಾಗಿನ ಹದಿನೈದು ನಿಮಿಷಗಳ ಗೊಂದಲ ಅವರಿಗೆ ಗೊತ್ತಿತ್ತು. ವೆಂಟಿಲೇಟರು, ಮಾನಿಟರು, ಔಷಧದ ಪಂಪುಗಳು ಒಂದು ಕಡೆ ಕಳಚಿ ಇನ್ನೊಂದು ಕಡೆ ಸೇರಬೇಕು. ಅದೇ ಹೊತ್ತಿಗೆ ಆಪರೇಷನ್ನಿನಲ್ಲಿ ಏನಾಯಿತೆಂಬ ವಿವರ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಬೇಕು. ಎಲ್ಲರೂ ಒಟ್ಟಿಗೆ ಮಾತಾಡುವರು, ಯಾರೂ ಪೂರ್ತಿ ಕೇಳಿಸಿಕೊಳ್ಳರು.

ವೈದ್ಯರು ಮರನೆಲ್ಲೊಗೆ ಹೋದರು, ತಮ್ಮ ಹಸ್ತಾಂತರದ ವಿಡಿಯೊ ತೋರಿಸಿದರು. ಇಲ್ಲಿ ಯಜಮಾನ ಯಾರು ಎಂಬುದೇ ತಿಳಿಯುತ್ತಿಲ್ಲವಲ್ಲ ಎಂಬುದು ಫೆರಾರಿಯವರಿಗೆ ಮೊದಲು ಕಂಡ ಕೊರತೆ. ಪಿಟ್ಟಿನಲ್ಲಿ ಉದ್ದ ಕೋಲು ಹಿಡಿದು ಕಾರಿನ ಮುಂದೆ ನಿಲ್ಲುವ ಒಬ್ಬನಿರುತ್ತಿದ್ದ, ಅವನು ಕೋಲು ಎತ್ತುವವರೆಗೆ ಕಾರು ಕದಲುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಆ ಕೋಲು ಅರಿವಳಿಕೆ ತಜ್ಞರ ಕೈಗೆ ಬಂತು. ಮೊದಲು ಯಂತ್ರಗಳ ಜೋಡಣೆ, ಆಗ ಮಾತಿಲ್ಲ. ಆಮೇಲೆ ಮಾತು, ಅದಕ್ಕೊಂದು ಪಟ್ಟಿ. ಯಾರು ಹಾಸಿಗೆಯ ಯಾವ ಬದಿ ನಿಲ್ಲಬೇಕೆಂಬುದೂ ಗೊತ್ತಾಯಿತು. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಸ್ತಾಂತರದ ತಾಂತ್ರಿಕ ತಪ್ಪುಗಳು ಶೇ 42ರಷ್ಟು, ಹೇಳದೆ ಬಿಟ್ಟುಹೋಗುತ್ತಿದ್ದ ಮಾಹಿತಿ ಶೇ 49ರಷ್ಟು ಇಳಿದವು. ವೈದ್ಯರ ಜಾಣತನ ಅದಕ್ಕಿಂತ ಮುಂಚೆ ಕಡಿಮೆಯಿತ್ತೇ? ಇಲ್ಲ. ಕೈಯಿಂದ ಕೈಗೆ ದಾಟುವ ಜಾಗಕ್ಕೆ ಯಾರೂ ಹೊಣೆಯಾಗಿರಲಿಲ್ಲ, ಅಷ್ಟೆ.

ಇಷ್ಟು ಅಚ್ಚುಕಟ್ಟಾದ ಫೆರಾರಿ ತಂಡಕ್ಕೂ ಒಂದು ಕುರುಡಿತ್ತು. 2002ರ ಮೇ 12, ಆಸ್ಟ್ರಿಯಾ. ತಂಡದ ಎರಡನೆಯ ಚಾಲಕ ರೂಬೆನ್ಸ್ ಬ್ಯಾರಿಕೆಲೊ ಇಡೀ ವಾರಾಂತ್ಯ ಶುಮಾಕರ್‌ಗಿಂತ ಮುಂದಿದ್ದ. ಗೆಲುವಿನ ಗೆರೆ ಕಣ್ಣೆದುರು ಬಂದಾಗ ದಾರಿ ಬಿಡಬೇಕೆಂಬ ಆದೇಶ ಪಾಲಿಸಿ ಕಾರು ನಿಧಾನಿಸಿದ. ಆ ವರ್ಷದ ಮೊದಲ ಐದು ರೇಸುಗಳಲ್ಲಿ ನಾಲ್ಕನ್ನು ಶುಮಾಕರ್ ಆಗಲೇ ಗೆದ್ದಿದ್ದ. ಇನ್ನೊಂದು ಗೆಲುವಿಗೆ ಇಷ್ಟು ಹಪಹಪಿ ಏಕೆಂದು ಪ್ರೇಕ್ಷಕರಿಗೆ ಅರ್ಥವಾಗಲಿಲ್ಲ. ಅವರ ಧಿಕ್ಕಾರದ ಕೂಗಿಗೆ ಇರಿಸುಮುರಿಸಾದ ಶುಮಾಕರ್ ಪೋಡಿಯಂ ಮೇಲೆ ಬ್ಯಾರಿಕೆಲೊನನ್ನು ಮೊದಲ ಮೆಟ್ಟಿಲಿಗೆ ತಳ್ಳಿದ. ಅದಕ್ಕೂ ದಂಡ ಬಿತ್ತು. ಮರುವರ್ಷದಿಂದ ಇಂಥ ತಂಡದ ಆದೇಶಗಳನ್ನೇ ನಿಷೇಧಿಸಲಾಯಿತು. ಅಂಕಗಳ ಲೆಕ್ಕದಲ್ಲಿ ಆದೇಶ ಸರಿಯಿದ್ದಿರಬಹುದು. ಆದರೆ ಬ್ಯಾರಿಕೆಲೊ ಅಂದು ತಂಡದ ಸದಸ್ಯನೋ, ತಂಡದ ಸಾಮಾನೋ?

ಇದೇ ಪ್ರಶ್ನೆಯನ್ನು ದ್ರಾವಿಡ್ ಹಣದ ರೂಪದಲ್ಲಿ ಎತ್ತಿದ ಪ್ರಸಂಗ 2018ರದು. ನ್ಯೂಜಿಲೆಂಡಿನ ಮೌಂಟ್ ಮೌಂಗನೂಯಿಯಲ್ಲಿ ಭಾರತದ 19 ವರ್ಷದೊಳಗಿನವರು ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿ ಬಹುಮಾನ ಪ್ರಕಟಿಸಿತು: ಕೋಚ್ ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ನೆರವು ಸಿಬ್ಬಂದಿಗೆ ತಲಾ 20 ಲಕ್ಷ. ದುಡಿದವರೆಲ್ಲ ಒಂದೇ ಸಮ ದುಡಿದಿರುವಾಗ ತಮಗೇಕೆ ಹೆಚ್ಚು ಎಂದು ದ್ರಾವಿಡ್ ಕೇಳಿದರು. ಕೊನೆಗೆ ಅವರೂ ಸೇರಿ ಸಿಬ್ಬಂದಿಗೆಲ್ಲ 25 ಲಕ್ಷ ಎಂದಾಯಿತು. ವಿಶ್ವಕಪ್ಪಿಗೆ ಹೋಗದಿದ್ದರೂ ಅದರ ತಯಾರಿಯಲ್ಲಿ ದುಡಿದಿದ್ದವರ ಹೆಸರುಗಳೂ ಪಟ್ಟಿಗೆ ಸೇರಿದವು. ಸುದ್ದಿಯಲ್ಲಿ ದ್ರಾವಿಡ್‌ ಬಿಟ್ಟುಕೊಟ್ಟ 25 ಲಕ್ಷವೇ ದೊಡ್ಡದಾಗಿ ಕಂಡಿತು. ನಿಜಕ್ಕೂ ದೊಡ್ಡದು ಆ ಪಟ್ಟಿ ಬೆಳೆದದ್ದು.

ಆ ತಂಡವನ್ನು ಕಟ್ಟುವಾಗಲೂ ಅವರ ಲೆಕ್ಕ ಬೇರೆಯೇ ಇತ್ತು. ಒಬ್ಬ ಹುಡುಗ ಒಂದೇ ಕಿರಿಯರ ವಿಶ್ವಕಪ್ ಆಡಲಿ, ಎರಡನೆಯ ಸಲ ಅದೇ ಮುಖ ಬೇಡ ಎಂಬುದು ಅವರ ಒತ್ತಾಯವಾಗಿತ್ತು. ಅನುಭವಿಗಳನ್ನೇ ಮತ್ತೆ ಆಡಿಸಿದರೆ ಕಪ್ ಗೆಲ್ಲುವುದು ಸುಲಭ. ಆದರೆ ಕಪ್ಪಿಗಾಗಿ ಅಲ್ಲ, ಆಟಗಾರರಿಗಾಗಿ ಆ ಟೂರ್ನಿ ಎಂಬುದು ಅವರ ವಾದ. ಭಾರತ ‘ಎ’ ತಂಡದ ಪ್ರವಾಸಗಳಲ್ಲಿ ಅವರು ಹುಡುಗರಿಗೆ ಮೊದಲೇ ಮಾತು ಕೊಡುತ್ತಿದ್ದರು, ನನ್ನೊಂದಿಗೆ ಬಂದವರು ಒಂದು ಪಂದ್ಯವನ್ನಾದರೂ ಆಡದೆ ಮನೆಗೆ ಮರಳುವುದಿಲ್ಲ ಎಂದು. ಚಿಕ್ಕವರಿದ್ದಾಗ ಬ್ಯಾಗು ಹೊತ್ತು ಹೋಗಿ ಬೆಂಚು ಕಾಯ್ದು ಬಂದ ನೋವು ಅವರಿಗೇ ಗೊತ್ತಿತ್ತು. ಇದಕ್ಕೆ ಬೆಲೆಯೂ ಉಂಟು. 2021ರ ಶ್ರೀಲಂಕಾ ಪ್ರವಾಸದಲ್ಲಿ ಏಕದಿನ ಸರಣಿ ಗೆದ್ದ ಮೇಲೆ ಮೂರನೆಯ ಪಂದ್ಯದಲ್ಲಿ ಐವರು ಹೊಸಬರಿಗೆ ಒಟ್ಟಿಗೇ ಟೋಪಿ ಸಿಕ್ಕಿತು, ನಮ್ಮ ಕೆ. ಗೌತಮ್ ಅವರಲ್ಲೊಬ್ಬರು. ಆ ಪಂದ್ಯವನ್ನು ಭಾರತ ಸೋತಿತು.

ಫಾರ್ಮುಲಾ ಒನ್‌ನಲ್ಲಿ ಇಂಥ ಧಾರಾಳಕ್ಕೆ ಜಾಗ ಕಡಿಮೆ. ಬ್ರಾನ್ ಅದನ್ನು ಎಲ್ಲರಿಗಿಂತ ಕಹಿಯಾಗಿ ಕಂಡದ್ದು 2009ರಲ್ಲಿ. ಫೆರಾರಿ ಬಿಟ್ಟು ಒಂದು ವರ್ಷ ಮೀನು ಹಿಡಿಯುತ್ತ, ಊರೂರು ಸುತ್ತುತ್ತ ಕಳೆದ ಅವರು 2007ರ ಕೊನೆಗೆ ಹೋಂಡಾ ತಂಡದ ಮುಖ್ಯಸ್ಥರಾಗಿದ್ದರು. 2008ರ ಕಾರು ಕೆಲಸಕ್ಕೆ ಬಾರದ್ದು ಎಂದು ಬೇಗ ಅರಿತು, ಅದರ ಸುಧಾರಣೆ ಕೈಬಿಟ್ಟು, 2009ರ ಹೊಸ ನಿಯಮಗಳ ಕಾರಿಗೆ ತಂಡವನ್ನೆಲ್ಲ ತೊಡಗಿಸಿದರು. ಒಂಬತ್ತನೆಯ ಸ್ಥಾನದ ಅವಮಾನವನ್ನು ನುಂಗಿಕೊಂಡು ಕೂತರು. ಅಷ್ಟರಲ್ಲಿ ಜಗತ್ತಿನ ಆರ್ಥಿಕತೆ ಕುಸಿಯಿತು. 2008ರ ಡಿಸೆಂಬರ್ 5ರಂದು ಹೋಂಡಾ ಅಂಗಡಿ ಮುಚ್ಚುವುದಾಗಿ ಘೋಷಿಸಿತು.

ಕೊಳ್ಳುವವರು ಬರಲಿಲ್ಲ. ಕೊನೆಗೆ ಬ್ರಾನ್ ಮತ್ತು ಸಂಗಡಿಗರೇ ತಂಡವನ್ನು ಒಂದು ಪೌಂಡಿಗೆ ಕೊಂಡರು. ಎಂಜಿನ್ ಇರಲಿಲ್ಲ, ಎದುರಾಳಿ ಮೆಕ್ಲಾರೆನ್ ಒಪ್ಪಿಗೆಯಿಂದ ಮರ್ಸಿಡಿಸ್ ಎಂಜಿನ್ ಸಿಕ್ಕಿತು. ಬೇರೆ ಎಂಜಿನ್ನಿಗೆಂದು ಕಟ್ಟಿದ ಚಾಸಿಯ ಹಿಂಭಾಗವನ್ನು ಕೊಯ್ದು ಹೊಂದಿಸಿದರು. ಪ್ರಾಯೋಜಕರಿಲ್ಲದೆ ಬೆಳ್ಳಗಿದ್ದ ಆ ಕಾರು ಮೊದಲ ಸಲ ಓಡಿದ್ದು ಮಾರ್ಚ್ 6ರಂದು. ಮಾರ್ಚ್ 29ರಂದು ಮೆಲ್ಬರ್ನ್‌ ರೇಸಿನಲ್ಲಿ ತಂಡದ ಚಾಲಕ ಜೆನ್ಸನ್ ಬಟನ್ ಮೊದಲು, ಬ್ಯಾರಿಕೆಲೊ ಎರಡನೆಯವ. ಹೌದು, ಅದೇ ಬ್ಯಾರಿಕೆಲೊ.

ಗೆಲುವಿನ ಗುಟ್ಟು ಕಾರಿನ ಹಿಂಭಾಗದ ಅಡಿಯಲ್ಲಿತ್ತು. ಡಿಫ್ಯೂಸರ್ ಎಂಬ ಭಾಗ ಕಾರಿನಡಿಯ ಗಾಳಿಯನ್ನು ಹಿಗ್ಗಿಸಿ ಹೊರಬಿಡುತ್ತದೆ, ಅದರಿಂದ ಕಾರು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ನಿಯಮಗಳ ಸಂದಿನಲ್ಲಿ ಅದನ್ನೇ ಎರಡು ಅಂತಸ್ತು ಮಾಡಬಹುದೆಂದು ಮೊದಲು ಕಂಡವರು ಜಪಾನಿನ ಒಬ್ಬ ಎಂಜಿನಿಯರ್. ಟೊಯೊಟಾ, ವಿಲಿಯಮ್ಸ್ ತಂಡಗಳೂ ಇಂಥದ್ದೇ ಹಾದಿ ಹಿಡಿದಿದ್ದವು. ಉಳಿದವರು ದೂರು ಕೊಟ್ಟರು, ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದು ನಿಯಮಬದ್ಧ ಎಂದಿತು. ಹೊಸ ನಿಯಮಗಳಲ್ಲಿ ನೀವೆಣಿಸಿದ್ದಕ್ಕಿಂತ ಹೆಚ್ಚು ಹಿಡಿತ ಸಿಗುತ್ತದೆ, ಬಿಗಿ ಮಾಡೋಣ ಎಂದು ಬ್ರಾನ್ ಹಿಂದಿನ ವರ್ಷವೇ ಸಭೆಯಲ್ಲಿ ಹೇಳಿದ್ದರಂತೆ. ಯಾರೂ ಕಿವಿಗೊಟ್ಟಿರಲಿಲ್ಲ.

ಬಟನ್ ಮೊದಲ ಏಳು ರೇಸುಗಳಲ್ಲಿ ಆರನ್ನು ಗೆದ್ದ. ಆಮೇಲೆ ಒಂದೂ ಗೆಲ್ಲಲಿಲ್ಲ! ಹಣವಿಲ್ಲದ ತಂಡಕ್ಕೆ ಕಾರನ್ನು ಸುಧಾರಿಸುತ್ತ ಹೋಗಲು ಆಗಲಿಲ್ಲ. ಗೆದ್ದು ಬೀಗುತ್ತಿದ್ದ ಅದೇ ದಿನಗಳಲ್ಲಿ ಬ್ರಾನ್ ಸುಮಾರು 270 ಮಂದಿಯನ್ನು ಕೆಲಸದಿಂದ ಬಿಡಿಸುವ ಪ್ರಕ್ರಿಯೆಗೆ ಸಹಿ ಹಾಕಿದರು. ಇದ್ದವರು ಏಳುನೂರರ ಆಸುಪಾಸು. ಆ ಕಾರನ್ನು ಕಟ್ಟಿದ ಕೈಗಳಲ್ಲಿ ಎಷ್ಟೋ ಕೈಗಳು ಅದು ಚಾಂಪಿಯನ್ ಆಗುವುದನ್ನು ಮನೆಯಲ್ಲಿ ಟಿ.ವಿ. ಮುಂದೆ ಕೂತು ನೋಡಿದವು. ಚಿತ್ರಗಳಲ್ಲೂ ಪುಸ್ತಕಗಳಲ್ಲೂ ಈ ಕತೆ ಪವಾಡವಾಗಿ ಮೆರೆಯುತ್ತದೆ. ಆ 270ನ್ನು ಬಿಟ್ಟು ಹೇಳಿದರೆ ಅದು ಅರ್ಧ ಕತೆ.

ಜುಲೈನಲ್ಲಿ ನೂರ್‌ಬರ್ಗ್‌ರಿಂಗ್‌ನಲ್ಲಿ ಮುಂದಿದ್ದು ಆರನೆಯ ಸ್ಥಾನಕ್ಕೆ ಜಾರಿದ ಬ್ಯಾರಿಕೆಲೊ, ಗೆಲ್ಲುವ ರೇಸನ್ನು ಸೋಲುವುದು ಹೇಗೆಂದು ತಂಡ ತೋರಿಸಿಕೊಟ್ಟಿತು ಎಂದು ಕ್ಯಾಮೆರಾ ಮುಂದೆಯೇ ಸಿಡಿದ. ಏಳು ವರ್ಷ ಹಳೆಯ ಆಸ್ಟ್ರಿಯಾದ ಗಾಯ ಎಲ್ಲರಿಗೂ ನೆನಪಾಯಿತು. ತಂಡ ಅವನನ್ನು ಹೊರಗೆ ಹಾಕಲಿಲ್ಲ. ಆಗಸ್ಟಿನಲ್ಲಿ ವೆಲೆನ್ಸಿಯಾ, ಸೆಪ್ಟೆಂಬರಿನಲ್ಲಿ ಮೊಂಜಾ, ಎರಡನ್ನೂ ಅವನು ಗೆದ್ದ; ಮೊಂಜಾದಲ್ಲಿ ಬಟನ್ ಅವನ ಹಿಂದೆ. ಅಕ್ಟೋಬರ್ 18ರಂದು ಬ್ಯಾರಿಕೆಲೊನ ಊರಾದ ಸಾವೊ ಪಾಲೊದಲ್ಲಿ ಬಟನ್ ಐದನೆಯವನಾಗಿ ಮುಗಿಸಿ ಚಾಂಪಿಯನ್ ಆದ. ತಂಡದ ಪ್ರಶಸ್ತಿಯೂ ಅಂದೇ ಕೈಸೇರಿತು. ಒಂದೇ ವರ್ಷ ಬದುಕಿ, ಎರಡೂ ಪ್ರಶಸ್ತಿ ಗೆದ್ದು, ಬ್ರಾನ್ ಜಿಪಿ ಎಂಬ ಹೆಸರು ಮರ್ಸಿಡಿಸ್‌ಗೆ ಮಾರಾಟವಾಗಿ ಅಳಿಸಿಹೋಯಿತು.

ಮರ್ಸಿಡಿಸ್ ತಂಡವನ್ನು ಬ್ರಾನ್ ನಾಲ್ಕು ವರ್ಷ ನಡೆಸಿದರು. ಲೂಯಿಸ್ ಹ್ಯಾಮಿಲ್ಟನ್ ಬಂದದ್ದೂ, 2014ರ ಹೊಸ ಹೈಬ್ರಿಡ್ ಎಂಜಿನ್ ಮತ್ತು ಕಾರನ್ನು ಒಟ್ಟಿಗೆ ರೂಪಿಸಿದ್ದೂ ಅವರ ಕಾಲದಲ್ಲೇ. ಆದರೆ 2013ರ ಕೊನೆಗೆ ಹೊರನಡೆದರು. ತಂಡದ ಆಡಳಿತಕ್ಕೆ ಹೊಸದಾಗಿ ಬಂದಿದ್ದ ನಿಕಿ ಲಾಡಾ ಮತ್ತು ಟೊಟೊ ವುಲ್ಫ್ ಅವರನ್ನು ನಂಬಲಾಗಲಿಲ್ಲ ಎಂದು ಆಮೇಲೆ ಒಪ್ಪಿಕೊಂಡರು. ಅವರು ನೆಟ್ಟ ಗಿಡದಲ್ಲಿ 2014ರಿಂದ 2021ರವರೆಗೆ ಎಂಟು ವರ್ಷ ಸತತ ಹಣ್ಣು ಬಿಟ್ಟಿತು, ಕೊಯ್ದವರು ಬೇರೆಯವರು. ಬೇರೆಯವರ ನಡುವಿನ ಕೀಲಿಗೆ ಜೀವಮಾನವಿಡೀ ಎಣ್ಣೆ ಬಿಟ್ಟ ಮನುಷ್ಯನಿಗೆ ತನ್ನ ಪಕ್ಕದ ಕುರ್ಚಿಯೊಂದಿಗಿನ ಕೀಲು ಸರಿಹೋಗಲಿಲ್ಲ.

ದ್ರಾವಿಡ್ ಅವರಿಗೂ ಸೋಲಿನ ನಂಟು ಹಳೆಯದು. 2007ರ ವಿಶ್ವಕಪ್ಪಿನಲ್ಲಿ ಅವರ ನಾಯಕತ್ವದ ತಂಡ ವೆಸ್ಟ್ ಇಂಡೀಸಿನಿಂದ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತ್ತು. 2023ರಲ್ಲಿ ಕೋಚ್ ಆಗಿ ಹತ್ತು ಪಂದ್ಯ ಸತತ ಗೆದ್ದು ಅಹಮದಾಬಾದಿನ ಫೈನಲ್‌ನಲ್ಲಿ ಎಡವಿದರು. ಆ ಟೂರ್ನಿಯಲ್ಲಿ ಫೀಲ್ಡಿಂಗ್ ಕೋಚ್ ಟಿ. ದಿಲೀಪ್ ಪ್ರತಿ ಪಂದ್ಯದ ಬಳಿಕ ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬ ಫೀಲ್ಡರ್‌ಗೆ ಪದಕ ಹಾಕುತ್ತಿದ್ದರು. ಕೋಟಿಗಟ್ಟಲೆ ಗಳಿಸುವವರು ಆ ಪುಟ್ಟ ಪದಕಕ್ಕೆ ಶಾಲೆಯ ಮಕ್ಕಳಂತೆ ಕುಣಿದಾಡಿದರು. ತಡೆದ ರನ್ನಿಗೂ ಸ್ಕೋರ್ ಕಾರ್ಡಿನಲ್ಲಿ ಕಾಲಂ ಇಲ್ಲವಲ್ಲ, ಅದಕ್ಕೊಂದು ದಾರಿ ಕಂಡುಕೊಂಡಿದ್ದರು.

ಫೈನಲ್ ಸೋತ ಮೇಲೆ ಹೊರಡಲಿದ್ದ ದ್ರಾವಿಡ್‌ಗೆ ನಾಯಕ ರೋಹಿತ್ ಶರ್ಮಾ ಫೋನ್ ಮಾಡಿ ಇರಿ ಎಂದರು. ಇದ್ದರು. 2024ರ ಜೂನ್ 29ರಂದು, ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ, ಟಿ20 ವಿಶ್ವಕಪ್ ಫೈನಲ್‌ನಲ್ಲಿ, 30 ಎಸೆತಕ್ಕೆ 30 ರನ್ ಬೇಕಿದ್ದ ದಕ್ಷಿಣ ಆಫ್ರಿಕಾವನ್ನು ಭಾರತ ಏಳು ರನ್ನಿನಿಂದ ಮಣಿಸಿತು. ಕೊಹ್ಲಿ ಕಪ್ಪನ್ನು ಕೈಗಿತ್ತಾಗ ಎಂದೂ ದನಿ ಎತ್ತದ ದ್ರಾವಿಡ್ ಗರ್ಜಿಸಿದರು. ಮಂಡಳಿ ಪ್ರಕಟಿಸಿದ 125 ಕೋಟಿ ಬಹುಮಾನದಲ್ಲಿ ಅವರ ಪಾಲಿಗೆ 5 ಕೋಟಿ ಬಂದಿತ್ತು. ಉಳಿದ ಕೋಚ್‌ಗಳಷ್ಟೇ, ಅಂದರೆ ಎರಡೂವರೆ ಕೋಟಿ ಸಾಕು ಎಂದರೆಂದು ಪತ್ರಿಕೆಗಳು ವರದಿ ಮಾಡಿದವು.

ಇದನ್ನೆಲ್ಲ ಕಂಡು ಈ ಬಗೆಯ ಕೋಚ್ ಇದ್ದರೆ ತಂಡ ಗೆದ್ದೇ ಗೆಲ್ಲುತ್ತದೆ ಎಂದುಕೊಂಡವರು ಮರುವರ್ಷದ ಐಪಿಎಲ್ ನೋಡಬೇಕಿತ್ತು. ದ್ರಾವಿಡ್ ಕೋಚ್ ಆಗಿದ್ದ ರಾಜಸ್ಥಾನ್ ರಾಯಲ್ಸ್ 2025ರಲ್ಲಿ ಆಡಿದ ಹದಿನಾಲ್ಕರಲ್ಲಿ ಗೆದ್ದದ್ದು ನಾಲ್ಕು, ಹತ್ತು ತಂಡಗಳಲ್ಲಿ ಒಂಬತ್ತನೆಯ ಸ್ಥಾನ. ಬೆಂಗಳೂರಿನಲ್ಲಿ ಕ್ಲಬ್ ಪಂದ್ಯ ಆಡಲು ಹೋಗಿ ಕಾಲಿಗೆ ಪೆಟ್ಟು ಮಾಡಿಕೊಂಡಿದ್ದ ಅವರು ಊರುಗೋಲು, ಗಾಲಿಕುರ್ಚಿಯಲ್ಲೇ ಆ ಟೂರ್ನಿಗೆ ಬಂದರು. ಏಪ್ರಿಲ್ 28ರ ರಾತ್ರಿ ಜೈಪುರದಲ್ಲಿ ಹದಿನಾಲ್ಕು ವರ್ಷದ ವೈಭವ್ ಸೂರ್ಯವಂಶಿ 35 ಎಸೆತಗಳಲ್ಲಿ ನೂರು ಬಾರಿಸಿದಾಗ ಕ್ಯಾಮೆರಾ ಡಗೌಟಿನತ್ತ ತಿರುಗಿತು. ಪಟ್ಟಿ ಸುತ್ತಿದ ಕಾಲು ಮರೆತು ಕೋಚ್ ಗಾಲಿಕುರ್ಚಿಯಿಂದ ಎದ್ದು ನಿಂತು, ಎರಡೂ ಕೈ ಮೇಲೆತ್ತಿದ್ದರು.